ಅರ್ನೆಲ್ ಮಲಗದ ಸಂಜೆ

ಅಮೆರಿಕದ ಗೈದರ್ಸ್‌ಬರ್ಗ್‌ನಲ್ಲಿ ನಮ್ಮ ಎದುರು ಬಾಗಿಲು ಅರ್ನೆಲ್‌ದು. ಕಪ್ಪು ಜನಾಂಗದವನು, ಬಾಗಿಲಲ್ಲಿ ತಲೆ ಬಗ್ಗಿಸಿಯೇ ಬರಬೇಕು, ಅಷ್ಟೆತ್ತರ. ವಾರವೆಲ್ಲ ಗೋಡೌನಿನಲ್ಲಿ ಪೆಟ್ಟಿಗೆ ಹೊರುತ್ತಿದ್ದ, ಶನಿವಾರ ಕುಸ್ತಿ. ನಾನು ಮೈಸೂರಿನ ಗರಡಿಯವರ ಮಗಳು. ಒಂದು ಭಾನುವಾರ ಅವನು ಭುಜ ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಿದ್ದ. ಎಳೆದು ಕೂರಿಸಿ ಎಳ್ಳೆಣ್ಣೆ ಹಚ್ಚಿ ತಿಕ್ಕಿದೆ. ಆಮೇಲೆ ಪ್ರತಿ ಭಾನುವಾರ "ಆಂಟಿ" ಅಂತ ಬರುವನು. ನನಗೆ ಇಂಗ್ಲಿಷು ನಾಲ್ಕೇ ಮಾತು. ಮಗಳು ನೀರಜಾ ನಡುವೆ ಕೂತು ಹೇಳುವಳು.

ಅಲ್ಲಿನ ಕುಸ್ತಿ ಬೇರೆ. ಯಾರು ಗೆಲ್ಲಬೇಕು ಅಂತ ಪಂದ್ಯದ ಯಜಮಾನ ಮೊದಲೇ ಹೇಳಿರುತ್ತಾನೆ. ಸೋಲುವವನು ಬೆನ್ನು ಕೆಳಗೆ ಮಾಡಿ ಮಲಗಬೇಕು, ರೆಫರಿ ಮೂರು ಎಣಿಸಬೇಕು. ಅರ್ನೆಲ್ ಆರು ವರ್ಷ ಹಾಗೇ ಮಲಗಿದ್ದ. ಅಖಾಡದಲ್ಲಿ ಕೊರಳಿಗೆ ಮೂಳೆ ಸರ, ಸೊಂಟಕ್ಕೆ ಚಿರತೆ ಬಟ್ಟೆ, ಹೆಸರು ಕಾಡುಮನುಷ್ಯ. ಕ್ಯಾರೊಲಿನಾದ ಊರೂರಲ್ಲಿ ಜನ ಬಾಳೆಹಣ್ಣಿನ ಸಿಪ್ಪೆ ಎಸೆಯುತ್ತಿದ್ದರಂತೆ. ನಗುತ್ತಲೇ ಹೇಳುವನು.

ತೊಂಬತ್ತೆರಡರಲ್ಲಿ ಬಾಲ್ಟಿಮೋರಿನಲ್ಲಿ ರಾನ್ ಸಿಮನ್ಸ್ ಅನ್ನುವ ಕಪ್ಪು ಪೈಲ್ವಾನ ವಿಶ್ವ ಚಾಂಪಿಯನ್ ಬೆಲ್ಟ್ ಗೆದ್ದ. ನೋಡಲು ಹೋಗಿದ್ದ ಅರ್ನೆಲ್, ಗುರುತಿಲ್ಲದ ಯಾವನೋ ಮುದುಕನನ್ನು ತಬ್ಬಿಕೊಂಡು ಅತ್ತನಂತೆ.

"ಒಂದೇ ಒಂದು ಸಲ ಗೆಲ್ಲಬೇಕು ಆಂಟಿ. ನಮ್ಮಮ್ಮನ ಮುಂದೆ."

ಮರುವರ್ಷ ಯಜಮಾನ ಮಾತು ಕೊಟ್ಟ. ಅರ್ನೆಲ್ ಹುಟ್ಟಿದೂರು, ಕ್ಯಾರೊಲಿನಾದ ರಾಕಿ ಮೌಂಟ್‌ನಲ್ಲಿ ಆ ಸೀಮೆಯ ಬೆಲ್ಟ್ ಅವನಿಗೇ ಅಂದ. ನೀರಜಾ ಡ್ರೈವ್ ಮಾಡಿಕೊಂಡು ನನ್ನನ್ನೂ ಕರೆದೊಯ್ದಳು. ಅವನ ತಾಯಿ ಓಡೆಸ್ಸಾ ಚರ್ಚಿಗೆ ಹೋಗುವ ಟೋಪಿ ಹಾಕಿಕೊಂಡು ಮುಂದಿನ ಸಾಲಲ್ಲಿ ಕೂತಿದ್ದಳು.

ಪಂದ್ಯಕ್ಕೆ ಮುಂಚೆ ಅರ್ನೆಲ್ ನಮ್ಮನ್ನು ಹಿಂಬಾಗಿಲಿಗೆ ಕರೆದ. "ಮಾತು ಬದಲಾಯ್ತು. ಇವತ್ತೂ ಮಲಗಬೇಕಂತೆ. ಕಾಡುಮನುಷ್ಯನಿಗೆ ಬೆಲ್ಟ್ ಕಟ್ಟಿದ್ರೆ ಟಿಕೆಟ್ ಯಾರು ತಗೋತಾರೆ ಅಂದ ಯಜಮಾನ." ಆಗಲೂ ನಗು.

ನನಗೆ ಮೈ ಉರಿಯಿತು. "ನಮ್ಮಪ್ಪನ ಗರಡೀಲಿ ಬೇಕಂತ ಸೋತೋನಿಗೆ ನೀರೂ ಕೊಡ್ತಿರಲಿಲ್ಲ. ಹೆತ್ತವಳ ಮುಂದೆ ಮಲಕ್ಕೋತೀಯಾ? ನಾಚಿಕೆ ಆಗಲ್ವಾ?"

"ಅಮ್ಮ, ಸುಮ್ನಿರು. ಅದು ಅವನ ಕೆಲಸ," ಅಂದಳು ನೀರಜಾ.

"ಅಂದಿದ್ದನ್ನ ಅಂದ ಹಾಗೇ ಹೇಳು."

ಹೇಳಿದಳು. ಅವನ ನಗು ನಿಂತಿತು.

ಪಂದ್ಯದಲ್ಲಿ ಎದುರಾಳಿ ಅರ್ನೆಲ್ ಮೇಲೆ ಬಿದ್ದ. ರೆಫರಿ ಎರಡು ಎಣಿಸುವಷ್ಟರಲ್ಲಿ ಅರ್ನೆಲ್ ಅವನನ್ನು ಎತ್ತಿ ಒಗೆದ. ಎದುರಾಳಿ ಕಿವಿಯಲ್ಲಿ ಏನೋ ಅಂದು ಮತ್ತೆ ಬಿದ್ದ, ಅರ್ನೆಲ್ ಮತ್ತೆ ಒಗೆದ. ಓಡೆಸ್ಸಾ ಎದ್ದು ನಿಂತು ಟೋಪಿ ಬೀಸಿದಳು. ಯಜಮಾನ ಕೆಳಗಿನಿಂದ ಎದುರಾಳಿಗೆ ತಲೆಯಾಡಿಸಿ ಸನ್ನೆ ಮಾಡಿದ. ಎದುರಾಳಿ ಅರ್ನೆಲ್‌ನ ಮಂಡಿ ಹಿಡಿದು ಉಲ್ಟಾ ತಿರುಗಿಸಿದ. ಕಬ್ಬು ಮುರಿದಂಥ ಸದ್ದು. ಗರಡಿಯಲ್ಲಿ ಒಮ್ಮೆ ಕೇಳಿದ್ದೆ, ನನಗೆ ಗೊತ್ತಾಯಿತು. ಜನ ಆಟ ಅಂತ ಚಪ್ಪಾಳೆ ಹೊಡೆದರು. ತಾಯಿ ಇನ್ನೂ ಟೋಪಿ ಬೀಸುತ್ತಲೇ ಇದ್ದಳು. ರೆಫರಿ ನಿಧಾನವಾಗಿ ಮೂರು ಎಣಿಸಿದ.

ಮಂಡಿ ಸರಿಹೋಗಲಿಲ್ಲ. ಕುಸ್ತಿಯೂ ಹೋಯಿತು, ಗೋಡೌನೂ ಹೋಯಿತು. ಆಸ್ಪತ್ರೆಯಲ್ಲಿ ತಾಯಿ ಯಾಕೆ ಹೀಗೆ ಮಾಡಿದೆ ಅಂತ ಕೇಳಿದಾಗ, ಆಂಟಿ ಅಂದದ್ದು ಸರಿ ಅಂದನಂತೆ. ಆಮೇಲೆ ತಾಯಿ ಮನೆ ಸೇರಿದ.

ತೊಂಬತ್ತೈದರಲ್ಲಿ ಎಳ್ಳೆಣ್ಣೆ ಸೀಸೆ ಹಿಡಿದು ನೀರಜಾ ಜೊತೆ ಅಲ್ಲಿಗೆ ಹೋದೆ. ಓಡೆಸ್ಸಾ ಬಾಗಿಲಿಗೆ ಅಡ್ಡ ನಿಂತು ಏನೋ ಅಂದಳು. ನೀರಜಾ "ನಡಿ, ಹೋಗೋಣ" ಅಂತ ನನ್ನ ತೋಳು ಹಿಡಿದಳು.

"ಅಂದ ಹಾಗೇ ಹೇಳೇ."

"ನನ್ನ ಮಗ ಮಲಗಿ ನನಗೆ ಊಟ ಹಾಕ್ತಿದ್ದ, ನೀವು ಅವನನ್ನ ಎಬ್ಬಿಸಿ ನಿಲ್ಲಿಸಿದ್ರಿ, ಅಂತಿದಾರೆ ಅಮ್ಮ."

ಒಳಗಿನಿಂದ ಅರ್ನೆಲ್ ಬಂದವರು ಯಾರು ಅಂತ ಕೂಗಿದ. ಯಾರೂ ಇಲ್ಲ ಅಂದು ಅವಳು ಬಾಗಿಲು ಹಾಕಿಕೊಂಡಳು. ಅಷ್ಟು ಇಂಗ್ಲಿಷು ನನಗೇ ಅರ್ಥವಾಯಿತು.