ದಡಕ್ಕೆ ಬಂದ ಕೆಂಪು ಚುಕ್ಕೆ

ನಾನು ಹೆಬ್ಬಗೋಡಿಯಲ್ಲೇ ಹುಟ್ಟಿ ಬೆಳೆದವಳು. ಸಮುದ್ರವನ್ನು ಇವತ್ತಿಗೂ ಕಣ್ಣಾರೆ ನೋಡಿಲ್ಲ. ಆದರೂ ಕಡಲಿಗೆ ಹೋಗುವವರ ಪ್ರಾಣ ಉಳಿಸುವ ಪೆಟ್ಟಿಗೆಯನ್ನು ಪರೀಕ್ಷಿಸುವುದು ನನ್ನ ಕೆಲಸವಾಗಿತ್ತು. ನಗಬೇಡಿ, ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಸಣ್ಣ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದೇ ಅದು. ಟಿಫಿನ್ ಡಬ್ಬಿಯಷ್ಟು ದೊಡ್ಡದು, ಕಿತ್ತಳೆ ಬಣ್ಣ. ದೋಣಿ ಅಪಾಯಕ್ಕೆ ಸಿಕ್ಕಾಗ ಗುಂಡಿ ಒತ್ತಿದರೆ, ಅದು ಎಲ್ಲಿದೆ ಅನ್ನುವುದು ಕರಾವಳಿಯ ಕಂಟ್ರೋಲ್ ರೂಮಿನ ಪರದೆಯ ಮೇಲೆ ಕೆಂಪು ಚುಕ್ಕೆಯಾಗಿ ಕಾಣುತ್ತದೆ. ಅಲ್ಲಿಂದ ರಕ್ಷಣಾ ಬೋಟು ಹೊರಡಬೇಕು. ಟೆಸ್ಟಿಂಗ್ ಪೆಟ್ಟಿಗೆಗಳ ಚುಕ್ಕೆ ನಮ್ಮ ಪರದೆಗೂ ಬರುತ್ತಿತ್ತು. ನೀಲಿ ಡ್ರಮ್ಮಿಗೆ ಬೋರ್‌ವೆಲ್ ನೀರು ತುಂಬಿ, ಪೆಟ್ಟಿಗೆಯನ್ನು ತೇಲಿಬಿಟ್ಟು ಗುಂಡಿ ಒತ್ತುತ್ತಿದ್ದೆವು. ಚುಕ್ಕೆ ಹೊಸೂರು ರಸ್ತೆಯ ಪಕ್ಕದಲ್ಲಿ ಮೂಡುತ್ತಿತ್ತು.

ಹೀಗೆ ಒತ್ತಿ ಒತ್ತಿ ಕಂಟ್ರೋಲ್ ರೂಮಿನವನ ತಲೆ ತಿಂದಿದ್ದೆವು. ಒಂದು ದಿನ ಅವನೇ ಫೋನ್ ಮಾಡಿದ. "ಮೇಡಂ, ನಿಮ್ಮ ಪೆಟ್ಟಿಗೆ ಬೆಳಗ್ಗಿಂದ ಕಿರುಚ್ತಾ ಉಂಟು. ಮೊದ್ಲು ಇಲ್ಲಿ ಮೂರು ಜನ ಇದ್ದೆವು. ಈಗ ಸುಧಾರಣೆ ಅಂತ ಇಬ್ಬರನ್ನು ತೆಗ್ದು ಈ ಪರದೆ ಕೊಟ್ಟಿದ್ದಾರೆ. ನಾನೊಬ್ಬ ಎಷ್ಟೂಂತ ನೋಡುದು?" ಪಾಪ ಅನ್ನಿಸಿತು. ಮಾರನೆಯ ದಿನ ಮತ್ತೆ ಒತ್ತಿದೆವು, ಕೆಲಸ ಅಲ್ಲವೇ.

ನನ್ನ ಪಕ್ಕದ ಟೇಬಲ್ಲಿನ ಹುಡುಗಿ ಕರಾವಳಿಯವಳು. ನಮ್ಮ ಮನೆಯ ಮೇಲಿನ ರೂಮಿನಲ್ಲೇ ಬಾಡಿಗೆಗಿದ್ದಳು. ಅವಳು ಒಣಮೀನು ಹುರಿದ ದಿನ ನಾನು ಕೆಳಗಿನಿಂದಲೇ ಕೂಗುತ್ತಿದ್ದೆ: "ಏನಮ್ಮೀ, ಬೀದಿ ಬೆಕ್ಕೆಲ್ಲಾ ನಮ್ಮನೆ ಮುಂದೇನೇ ಕುಂತವೆ!" ಅವಳು ನಗುತ್ತಾ ನನಗೂ ಒಂದು ತಟ್ಟೆ ತರುತ್ತಿದ್ದಳು. ಅವಳಿಗೆ ಇದ್ದದ್ದು ಅಪ್ಪ ಒಬ್ಬರೇ. ಅವರು ಸಣ್ಣ ದೋಣಿಯಲ್ಲಿ ಒಬ್ಬರೇ ಮೀನಿಗೆ ಹೋಗುತ್ತಿದ್ದರು. ಸಮುದ್ರದಲ್ಲಿ ಗಾಳಿ ಎದ್ದಿದೆ ಅನ್ನುವ ಸುದ್ದಿ ಮೊಬೈಲಿನಲ್ಲಿ ಬಂದರೆ ಸಾಕು, ಅಪ್ಪ ಫೋನ್ ಎತ್ತುವವರೆಗೂ ಇವಳ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ.

ಮೊದಲು ಎಲ್ಲ ದೋಣಿಗೂ ಪೆಟ್ಟಿಗೆ ಕೊಡುತ್ತೇವೆ ಅಂತ ಸರ್ಕಾರದವರು ಅಂದಿದ್ದರು. ಆಮೇಲೆ ಹಣ ಸಾಲದೆ, ದೊಡ್ಡ ಬೋಟುಗಳಿಗೆ ಮಾತ್ರ ಅಂತಾಯಿತು. ಹುಡುಗಿ ಕ್ಯಾಂಟೀನಿನಲ್ಲಿ ಕೂತು ಅತ್ತಳು. ನಮ್ಮ ಇಂಜಿನಿಯರ್ ಮನುಷ್ಯ ಒಳ್ಳೆಯವನು, ಮನಸ್ಸು ಕರಗಿ ಟೆಸ್ಟಿಂಗ್ ಪೆಟ್ಟಿಗೆಗಳಲ್ಲೇ ಒಂದನ್ನು ಅವಳ ಕೈಗಿಟ್ಟ. ದೀಪಾವಳಿಗೆ ಊರಿಗೆ ಹೋದಾಗ ಅಪ್ಪನಿಗೆ ಕೊಟ್ಟು ಬಂದಳು. "ಇದ್ರಲ್ಲಿ ಗಂಜಿ ಹಾಕೂದು ಎಲ್ಲಿಂದ ಅಂತ ಕೇಳಿದ್ರು ಅಕ್ಕಾ," ಅಂತ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವತ್ತಿನಿಂದ ಅವಳು ನೆಮ್ಮದಿಯಾಗಿ ಊಟ ಮಾಡಲು ಶುರುಮಾಡಿದಳು.

ಒಂದು ಮಧ್ಯಾಹ್ನ ಊಟ ಮುಗಿಸಿ ಬಂದು ಕೂತಿದ್ದೆ. ಪರದೆ ಕಿರುಚತೊಡಗಿತು. "ಯಾರ್ರೀ ಒತ್ತಿದ್ದು?" ಅಂದೆ. ಯಾರೂ ಒತ್ತಿರಲಿಲ್ಲ, ಡ್ರಮ್ಮು ಖಾಲಿ ಇತ್ತು. ಚುಕ್ಕೆ ಹೊಸೂರು ರಸ್ತೆಯ ಪಕ್ಕದಲ್ಲಿರಲಿಲ್ಲ, ಸಮುದ್ರದ ನೀಲಿಯ ನಡುವೆ ಇತ್ತು. "ಮ್ಯಾಪ್ ಹ್ಯಾಂಗ್ ಆಗಿರ್ಬೇಕು, ರೀಸ್ಟಾರ್ಟ್ ಮಾಡಿ," ಅಂದ ಇಂಜಿನಿಯರ್. ಅಷ್ಟರಲ್ಲಿ ಹುಡುಗಿ ಕೈ ಒರೆಸಿಕೊಳ್ಳುತ್ತಾ ಬಂದಳು. ಚುಕ್ಕೆಯ ಪಕ್ಕದ ನಂಬರು ಓದಿದಳು.

"ಅಕ್ಕಾ, ಇದು ಅಪ್ಪನದ್ದು."

ಅವಳು ಅಪ್ಪನ ಮೊಬೈಲಿಗೆ ಫೋನ್ ಮಾಡಿದಳು, ಸ್ವಿಚ್ ಆಫ್. ನಾನು ಕಂಟ್ರೋಲ್ ರೂಮಿಗೆ ಮಾಡಿದೆ.

"ಅದು ನಿಮ್ಮ ಟೆಸ್ಟಿಂಗ್ ಪೆಟ್ಟಿಗೆ ಅಲ್ವಾ ಮೇಡಂ?" ಅಂದ ಅವನು. "ಅವುಗಳ ಸೌಂಡ್ ಆಫ್ ಮಾಡಿ ಇಟ್ಟಿದ್ದೇನೆ."

"ಟೆಸ್ಟಿಂಗೂ ಇಲ್ಲ ಗಿಸ್ಟಿಂಗೂ ಇಲ್ಲ! ಮನುಷ್ಯ ಮುಳುಗ್ತಾವ್ನೆ ಕಣ್ರೀ, ಬೋಟ್ ಕಳ್ಸ್ರೀ!"

"ಬೋಟು ಕೆಟ್ಟು ನಿಂತಿದೆ ಮೇಡಂ. ರಿಪೇರಿಗೆ ಹಣ ಮಂಜೂರಾಗಿಲ್ಲ. ಇನ್ನೊಂದು ಬೋಟು ದೂರದ ಬಂದರಿಂದ ಬರ್ಬೇಕು. ನಾನು ಇಲ್ಲಿನ ಮೀನುಗಾರರಿಗೇ ಫೋನ್ ಮಾಡ್ತೇನೆ, ಅವ್ರು ಹೋಗ್ತಾರೆ."

ಕೂಗುವ ಪೆಟ್ಟಿಗೆಗೆ ದುಡ್ಡಿತ್ತು, ಕೂಗಿದಾಗ ಹೋಗುವ ಬೋಟಿಗೆ ಇರಲಿಲ್ಲ. ಯಾವ ಪುಣ್ಯಾತ್ಮರು ಕೂತು ಹಾಕಿದ ಲೆಕ್ಕವೋ! ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಅವನನ್ನು ಬಾಯಿಗೆ ಬಂದ ಹಾಗೆ ಬೈದೆ. ಅವನು ಫೋನ್ ಇಡದೆ ಎಲ್ಲವನ್ನೂ ಕೇಳಿಸಿಕೊಂಡ. ಆಮೇಲೆ, "ಈಗ ಇಡ್ತೇನೆ ಮೇಡಂ, ಅವ್ರಿಗೆ ಫೋನ್ ಮಾಡ್ಬೇಕು," ಅಂದ.

ಕಾಯುವುದು ಬಿಟ್ಟು ಬೇರೇನೂ ಇರಲಿಲ್ಲ. ಲೈನಿನವರೆಲ್ಲ ಕೆಲಸ ಬಿಟ್ಟು ಪರದೆಯ ಮುಂದೆ ಬಂದು ನಿಂತರು. ಯಾವಾಗಲೂ ಗದರುವ ಮ್ಯಾನೇಜರೂ ಅವರ ಜೊತೆ ಬಂದು ನಿಂತ. ಹುಡುಗಿ ಚುಕ್ಕೆಯ ಮೇಲೆ ಬೆರಳಿಟ್ಟು ಕೂತಿದ್ದಳು. ಅದು ಮೆಲ್ಲಗೆ ದಡದಿಂದ ಇನ್ನೂ ದೂರ ಜಾರುತ್ತಿತ್ತು, ಅವಳ ಬೆರಳೂ ಅದರ ಜೊತೆ ಜಾರುತ್ತಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಚುಕ್ಕೆ ತಟ್ಟನೆ ತಿರುಗಿತು. ದಡದ ಕಡೆಗೆ ಬರತೊಡಗಿತು, ಅದೂ ಜೋರಾಗಿ.

"ಅಪ್ಪನ ದೋಣಿ ಇಷ್ಟು ಜೋರು ಹೋಗೂದೇ ಇಲ್ಲ ಅಕ್ಕಾ," ಅಂದಳು ಹುಡುಗಿ. ಅವಳು ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. "ಯಾರೋ ತಮ್ಮ ಬೋಟಿಗೆ ಹತ್ತಿಸ್ಕೊಂಡಿದ್ದಾರೆ!"

ಇಡೀ ಫ್ಲೋರು ಹೋ ಅಂತ ಕೂಗಿತು. ಇಂಜಿನಿಯರ್ ಕಣ್ಣೊರೆಸಿಕೊಂಡ. "ನಮ್ಮ ಪೆಟ್ಟಿಗೆ ಕಣ್ರೋ!" ಅಂತ ಯಾರೋ ಟೇಬಲ್ ಬಡಿದರು. ನಾನು ಪಕ್ಕದ ಬೇಕರಿಯಿಂದ ದಿಲ್‌ಪಸಂದ್ ತರಿಸಿ, ಮೊದಲ ತುಂಡನ್ನು ಅವಳ ಕೈಗಿಟ್ಟೆ. "ತಿನ್ನೇ, ಆಗ್ಲಿಂದ ಒಂದು ಹನಿ ನೀರೂ ಕುಡ್ದಿಲ್ಲ. ನಿಮ್ಮಪ್ಪ ಗಟ್ಟಿ ಜೀವ," ಅಂದೆ. ಅವಳು ಒಂದು ಚೂರು ಬಾಯಿಗೆ ಹಾಕಿಕೊಂಡಳು.

ಫೋನ್ ಹೊಡೆದುಕೊಂಡಿತು. ಕಂಟ್ರೋಲ್ ರೂಮಿನವನು.

"ಮೇಡಂ, ಮೀನುಗಾರರಿಗೆ ಪೆಟ್ಟಿಗೆ ಸಿಕ್ಕಿತಂತೆ."

"ನೋಡ್ತಾನೇ ಇದೀವಿ ಕಣಪ್ಪಾ, ಬರ್ತಾ ಐತೆ. ನಿನ್ ಬಾಯಿಗೆ ಸಕ್ಕರೆ ಹಾಕ. ಅವ್ರು ಬಂದ ತಕ್ಷಣ ಫೋನ್ ಕೊಡ್ಸು, ಮಗಳು ಮಾತಾಡ್ತಾಳೆ."

"ಪೆಟ್ಟಿಗೆ ಮಾತ್ರ ಮೇಡಂ," ಅಂದ. "ಅದೊಂದೇ ತೇಲ್ತಾ ಇತ್ತಂತೆ. ದೋಣಿ ಇಲ್ಲ, ಅವ್ರೂ ಇಲ್ಲ. ಎಲ್ಲ ಕಡೆ ಹುಡುಕಿದ್ರಂತೆ. ಗಾಳಿ ಜೋರಾಯ್ತು, ಅದಕ್ಕೆ ವಾಪಸ್ ಬರ್ತಿದ್ದಾರೆ."

ನಾನು ಫೋನ್ ಕೆಳಗಿಟ್ಟೆ. ಹುಡುಗಿ ದಿಲ್‌ಪಸಂದ್ ಹಿಡಿದ ಕೈಯಲ್ಲೇ ಪರದೆ ತೋರಿಸಿದಳು.

"ಅಕ್ಕಾ, ನೋಡಿ, ದಡ ಮುಟ್ಟಿತು."