ವಾಗ್ಯಾನ ತುತ್ತು

ಅದು ಹೇಲಿನ ಬಣ್ಣದಿಂದ ಸುರುವಾಯಿತು.

ಹಳದಿ ಎನ್ನಲೂ ಬರುತ್ತಿರಲಿಲ್ಲ, ಬೂದಿ ಎನ್ನಲೂ ಬರುತ್ತಿರಲಿಲ್ಲ. ಹಳಸಿದ ಕಡಲೆಹಿಟ್ಟಿನ ಝುಣಕದ ಹಾಗೆ, ಮೇಲೆ ಎಣ್ಣೆಯ ಹೊಳಪು. ಒಂದು ನಾಯಿ ಇಷ್ಟು ಹೇಲುತ್ತದೆಯೇ ಎನ್ನುವಷ್ಟು ರಾಶಿ. ದಿನಕ್ಕೆ ಆರು ಸಲ, ಏಳು ಸಲ. ವಾಸನೆಯನ್ನು ಹೇಗೆ ಹೇಳಲಿ? ಒಡೆದ ಹಾಲು, ಮುಗ್ಗಿದ ಎಣ್ಣೆ, ಎರಡೂ ಸೇರಿದ ಹಾಗೆ. ಫಿನೈಲ್ ಹಾಕಿ ತೊಳೆದರೆ ಫಿನೈಲಿನ ಕೆಳಗಿನಿಂದ ಮತ್ತೆ ಏಳುತ್ತಿತ್ತು.

ನಮ್ಮ ಮನೆ ಚಿಕ್ಕೋಡಿಯಲ್ಲಿ. ಮುಂದಿನ ಕೋಣೆಯಲ್ಲಿ ನಾನು ಜಂಪರ್ ಹೊಲಿಯುತ್ತೇನೆ, ಸೀರೆಗೆ ಫಾಲ್ ಹಚ್ಚುತ್ತೇನೆ. ಯಜಮಾನರಿಗೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಕಬ್ಬು ಅರೆಯುವ ಹಂಗಾಮು ಸುರುವಾದರೆ ಅವರು ಮನೆಗೆ ಬರುವುದು ಉಂಡು ಮಲಗಲಿಕ್ಕೆ ಮಾತ್ರ. ಹಾಗಾಗಿ ದಿನವಿಡೀ ಮನೆಯಲ್ಲಿ ನಾನು, ಅತ್ತೆ ಮತ್ತು ವಾಗ್ಯಾ.

ವಾಗ್ಯಾ ಜರ್ಮನ್ ಶೆಫರ್ಡ್. ಅಥಣಿ ಕಡೆ ದ್ರಾಕ್ಷಿ ತೋಟವಿರುವ ನನ್ನ ಅಣ್ಣ ತೋಟ ಕಾಯಲೆಂದು ಮರಿಯಿದ್ದಾಗ ತಂದಿದ್ದ. ಮರಾಠಿಯ ವಾಘ್, ಅಂದರೆ ಹುಲಿಯ ಹೆಸರಿಟ್ಟ. ಒಂದೂವರೆ ವರ್ಷ ತುಂಬುವುದರೊಳಗೆ ಹುಲಿ ಒಣಗಿ ಕಟ್ಟಿಗೆಯಾಯಿತು. "ಬರೇ ತಿಂತೈತಿ, ಬೊಗಳೂದಿಲ್ಲ. ನಿನ್ನ ಅಂಗಡಿ ಮುಂದ ಬಿದ್ದಿರ್ಲಿ ತಗೋ ಕಸ್ತೂರಿ," ಎಂದು ಜೀಪಿನಿಂದ ಇಳಿಸಿ ಹೋದ. ಹೋಗುವಾಗ ಒಂದು ಚೀಲ ಒಣದ್ರಾಕ್ಷಿ ಕೊಟ್ಟು, ಅದಕ್ಕೂ ನಾಲ್ಕು ಹಾಕು ಎಂದ. ದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷವಿದ್ದಂತೆ ಎಂದು ಆಗ ಇಬ್ಬರಿಗೂ ಗೊತ್ತಿರಲಿಲ್ಲ. ವಾಗ್ಯಾನ ದೈವ ದೊಡ್ಡದು, ಆ ಚೀಲ ಇರುವೆ ಹತ್ತಿ ತಿಪ್ಪೆಗೆ ಹೋಯಿತು.

ಅವನ ಹಸಿವನ್ನು ನೋಡಿದರೆ ಹೆದರಿಕೆಯಾಗುತ್ತಿತ್ತು. ಬೋಗುಣಿ ತುಂಬ ಅನ್ನ ಹಾಕಿದರೆ ನಾನು ಬೆನ್ನು ತಿರುಗಿಸುವುದರೊಳಗೆ ಖಾಲಿ. ಆಮೇಲೆ ಬೋಗುಣಿ ನೆಕ್ಕುವುದು, ನೆಲ ನೆಕ್ಕುವುದು, ನನ್ನ ಚಪ್ಪಲಿ ನೆಕ್ಕುವುದು. ಪಕ್ಕೆಲುಬುಗಳನ್ನು ದೂರದಿಂದ ಎಣಿಸಬಹುದಿತ್ತು. ಹೊಟ್ಟೆಯೊಳಗೆ ಸದಾ ಗುಳುಗುಳು ಸಪ್ಪಳ. ಮಷಿನ್ ನಿಲ್ಲಿಸಿದರೆ ಅದು ಕೇಳಿಸುತ್ತಿತ್ತು.

ಒಂದು ಮುಂಜಾನೆ ಹಿತ್ತಲಿಗೆ ಹೋದೆ. ವಾಗ್ಯಾ ತಲೆ ಬಗ್ಗಿಸಿ ಏನೋ ತಿನ್ನುತ್ತಿದ್ದ.

ತಾನು ಹೇತದ್ದನ್ನೇ ತಿನ್ನುತ್ತಿದ್ದ.

ನನ್ನನ್ನು ಕಂಡದ್ದೇ ಬಾಲ ಅಲ್ಲಾಡಿಸುತ್ತ ಓಡಿ ಬಂದು ಕೈ ನೆಕ್ಕಿದ. ನಾನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ವಾಂತಿ ಮಾಡಿಕೊಂಡೆ. ಅದರ ಕಡೆಗೂ ಅವನು ಓಡಿದ.

ಆ ದಿನದಿಂದ ನಾನು ಅವನನ್ನು ಮುಟ್ಟುವುದನ್ನು ಬಿಟ್ಟೆ. ಪೊರಕೆಯ ಹಿಡಿಯಿಂದ ದೂಡುತ್ತಿದ್ದೆ. ಜಂಪರಿನ ಅಳತೆ ಕೊಡಲು ಬಂದವರು ಬಾಗಿಲಲ್ಲೇ ನಿಂತು ಸೆರಗು ಮೂಗಿಗೆ ಹಿಡಿದು, "ಕಸ್ತೂರಿ ಅಕ್ಕಾ, ಇಲ್ಲೆ ಏನರ ಸತ್ತೈತೇನ್ರಿ?" ಎಂದು ಕೇಳುತ್ತಿದ್ದರು. ಕೆಲವರು ಮತ್ತೆ ಬರಲಿಲ್ಲ. ನೆರೆಹೊರೆಯವರ ಮಾತೇ ಬೇರೆ. ಮಗ್ಗುಲ ಮನೆಯ ಹೆಂಗಸು ನನಗೆ ಕೇಳಿಸಲೆಂದೇ ಹೇಳಿದಳು: "ನಾಯಿ ಸಾಕೂದಂದ್ರ ಕಟ್ಟಿ ಹಾಕೂದಲ್ಲ. ಹೊಟ್ಟಿಗೆ ಹಾಕ್ಬೇಕ."

ಹಾಗೆಂದು ಎಲ್ಲರೂ ಹಾಕಲು ಸುರುಮಾಡಿದರು. ಟೋಸ್ಟು, ಖಾರಿ, ಯಾರದೋ ಮದುವೆಯ ಬುಂದಿ, ಹಿಂದಿನ ಓಣಿಯವರು ತಿಂದೆಸೆದ ಕೋಳಿಯ ಎಲುಬು. ಅವರವರ ಕರುಣೆ ಅವರವರ ಮನೆಯಲ್ಲಿ ಮುಗಿಯುತ್ತಿತ್ತು. ಅದು ಹೊರಗೆ ಬರುವುದು ನನ್ನ ಅಂಗಳದಲ್ಲಿ.

ಅಣ್ಣನೂ ಒಂದು ಸಲ ಬಂದಾಗ ಪೇಟೆಯಿಂದ ಚರ್ಮದ ಗಂಟು ತಂದ. ನಾಯಿ ಕಡಿಯುತ್ತ ಕೂಡಲೆಂದು ಎಲುಬಿನ ಆಕಾರದಲ್ಲಿ ಮಾಡಿರುತ್ತಾರಲ್ಲ, ಅದು. ವಾಗ್ಯಾ ಕಡಿಯಲಿಲ್ಲ, ನುಂಗಿದ. ಎರಡು ದಿನ ಬಾಯಿಂದ ನೊರೆ ಸುರಿಸಿ, ಕಡೆಗೆ ನನ್ನ ಹೊಲಿಗೆ ಮಷಿನ್ನಿನ ಕೆಳಗೆ ವಾಂತಿ ಮಾಡಿದ. ಉಬ್ಬಿ, ಬಿಳಿಚಿ, ಲೋಳೆ ಹಿಡಿದ ಆ ತುಂಡನ್ನು ಪೇಪರಿನಲ್ಲಿ ಎತ್ತುವಾಗ ಸತ್ತ ಇಲಿಮರಿಯನ್ನು ಎತ್ತಿದ ಹಾಗಾಯಿತು. ಅದೇ ಪೇಪರನ್ನು ಹಿಡಿದುಕೊಂಡು ದನದ ದವಾಖಾನೆಗೆ ಹೋದೆ.

ಅಲ್ಲಿಯ ಡಾಕ್ಟರು ಮೊದಲು ಜಂತಿನ ಔಷಧ, ಆ್ಯಂಟಿಬಯಾಟಿಕ್ ಎಲ್ಲ ಕೊಟ್ಟು ನೋಡಿದ್ದರು. ಈ ಸಲ ಪೇಪರು ಬಿಚ್ಚಿ ನೋಡಿ, ವಾಗ್ಯಾನ ಸೊಂಟ ಒತ್ತಿ ನೋಡಿ, ರಕ್ತ ತೆಗೆದು ಪುಣೆಯ ಲ್ಯಾಬಿಗೆ ಕಳಿಸಿದರು. ವಾರದ ಮೇಲೆ ರಿಪೋರ್ಟ್ ಬಂತು.

"ಇದಕ್ಕ ಇಪಿಐ ಅಂತಾರ್ರಿ. ಪ್ಯಾಂಕ್ರಿಯಾಸ್ ಕೆಲಸ ಬಿಟ್ಟೈತಿ. ಅನ್ನ ಕರಗಿಸೂ ಎಂಜೈಮ್ ಹುಟ್ಟವಲ್ಲವು. ಹಾಕಿದ್ದು ಹಂಗs ಹೊರಗ ಹೊಂಟೈತಿ."

"ದಿನಾ ಎರಡ ಸೇರ ಅನ್ನ ತಿಂತೈತ್ರಿ ಸರ್."

"ಎಷ್ಟ ತಿಂದ್ರೂ ಇದು ಉಪವಾಸನ ಐತ್ರಿ. ಅದಕ್ಕ ಹೇಲಾ ತಿನ್ನೂದು. ಅದರಾಗ ಅನ್ನ ಉಳದಿರತೈತಲ್ಲ."

ನಾನು ಪೊರಕೆಯ ಹಿಡಿಯಿಂದ ದೂಡುತ್ತಿದ್ದದ್ದು ನೆನಪಾಯಿತು. ಕೆಳಗೆ ನೋಡಿದೆ. ವಾಗ್ಯಾ ಡಾಕ್ಟರ ಬೂಟು ನೆಕ್ಕುತ್ತಿದ್ದ.

ಬಿ ಟ್ವೆಲ್ವ್ ಇಂಜೆಕ್ಷನ್ ಸುರುವಾಯಿತು. ಮನುಷ್ಯರಿಗೆ ಕೊಡುವ ಎಂಜೈಮ್ ಕ್ಯಾಪ್ಸೂಲ್ ಒಡೆದು ಅನ್ನದಲ್ಲಿ ಕಲಸಿ ಹಾಕಿದೆ. ಅರ್ಧ ಗುಣ ಬಂತು, ಅರ್ಧ ಬರಲಿಲ್ಲ. ಮೂರು ವಾರದ ಮೇಲೆ ಡಾಕ್ಟರು ಸ್ವಲ್ಪ ಹಿಂಜರಿದು ಕೇಳಿದರು: "ನೀವು ಲಿಂಗಾಯತರೇನ್ರಿ?"

"ಹೌದ್ರಿ."

"ಹಂಗಾರ ತ್ರಾಸ ಆಗತೈತಿ. ಆದ್ರ ಹೇಳಬೇಕಲ್ಲ. ಆಡಿನ ಪ್ಯಾಂಕ್ರಿಯಾಸ್ ಹಸೀದು ತಂದು, ಸಣ್ಣಗ ಕತ್ತರಿಸಿ, ಆರಿದ ಅನ್ನದಾಗ ಕಲಸಿ ಅರ್ಧಾ ತಾಸ ಇಡಬೇಕ್ರಿ. ಕುದಸಬಾರದು. ಬಿಸಿ ತಾಗಿದ್ರ ಎಂಜೈಮ್ ಸಾಯ್ತಾವು. ಹಸಿ ಮಾಂಸದಿಂದ ಜಂತು ಬರ್ತಾವು, ಅದಕ್ಕ ಗುಳಗಿ ತಪ್ಪಸಬ್ಯಾಡ್ರಿ. ನೀವೂ ಕೈ ಸಾಬಾಣ ಹಚ್ಚಿ ತೊಳೀರಿ."

ಮಟನ್ ಅಂಗಡಿಯ ಮುಂದೆ ಹಾಯುವಾಗ ಉಸಿರು ಬಿಗಿಹಿಡಿದು ನಡೆದವಳು ನಾನು. ನಲವತ್ತಾರು ವರ್ಷ ಹಾಗೇ ನಡೆದಿದ್ದೇನೆ. ಈಗ ಬಾಬು ಎಂಬವನ ಅಂಗಡಿಯ ಮುಂದೆ ನಿಂತು ಮೊಬೈಲಿನಲ್ಲಿ ಡಾಕ್ಟರು ಕಳಿಸಿದ ಫೋಟೋ ತೋರಿಸಿದೆ. ಅವನು ಕೈ ಒರೆಸಿಕೊಂಡು ನೋಡಿದ.

"ಇದನ್ನ ಯಾರೂ ಕೇಳೂದಿಲ್ರಿ ಅಕ್ಕಾರ. ಕರಳಿನ ಜೋಡಿ ಒಗದಬಿಡ್ತೀವಿ. ಏನ ಮಾಡವ್ರಿ?"

"ನಾಯಿಗೆ ಔಷಧ."

"ಹಂಗಾರ ನೀವು ಇಲ್ಲಿ ನಿಂದರಬ್ಯಾಡ್ರಿ. ಮುಂಜಾನೆ ಏಳಕ್ಕ ಆ ಪಾನಿನ ಅಂಗಡಿ ಕಟ್ಟಿ ಮ್ಯಾಲ ಡಬ್ಬಿ ಇಟ್ಟ ಹೋಗ್ರಿ. ನಾ ತುಂಬಿ ಇಡ್ತೀನಿ. ತಾಜಾ ಇದ್ರಷ್ಟ ಇಡ್ತೀನಿ." ರೊಕ್ಕ ಕೇಳಿದರೆ, ಒಗೆಯುವ ವಸ್ತುವಿಗೆ ಏನು ರೊಕ್ಕ ಎಂದ. ನನ್ನ ಮುಖದ ಮೇಲೆ ಹೇಸಿಕೆ ಕಾಣುತ್ತಿತ್ತೆಂದು ನನಗೆ ಗೊತ್ತು. ಅವನು ಅದನ್ನು ನೋಡಿಯೂ ನೋಡದವನ ಹಾಗಿದ್ದ. ಆ ಮನುಷ್ಯನನ್ನು ಈಗಲೂ ನೆನೆಯುತ್ತೇನೆ.

ಮೊದಲ ದಿನ. ತಿಳಿಗುಲಾಬಿ ಬಣ್ಣದ, ಗಂಟುಗಂಟಾದ, ಬೆಚ್ಚಗಿನ ವಸ್ತು. ಕೊರಳಿನ ಇಷ್ಟಲಿಂಗದ ಕರಡಿಗೆಯನ್ನು ಜಂಪರಿನೊಳಗೆ ಸೇರಿಸಿ, ಮೇಲೆ ಸೆರಗು ಬಿಗಿದುಕೊಂಡೆ. ಲಿಂಗಕ್ಕೆ ಕಾಣಬಾರದೆಂದು. ಎಂಥ ಹುಚ್ಚು! ಈಳಿಗೆಯಲ್ಲಿ ಜಾರಿತು. ಕಡೆಗೆ ಹಳೆಯ ಬಟ್ಟೆ ಕತ್ತರಿಸುವ ಕತ್ತರಿಯಿಂದ ಕತ್ತರಿಸಿದೆ. ಕತ್ತರಿಯ ಸಪ್ಪಳ ಬಟ್ಟೆಯದಲ್ಲ, ಬೇರೆ. ಎರಡು ಸಲ ಎದ್ದು ಹೋಗಿ ಓಕರಿಸಿ ಬಂದೆ.

ಅದಕ್ಕಿಂತ ಹೇಸಿಕೆಯಾದದ್ದು ಅರ್ಧ ತಾಸಿನ ಮೇಲೆ. ಮುಚ್ಚಳ ತೆಗೆದರೆ ಅನ್ನ ತಾನಾಗಿಯೇ ಕರಗಿ ಗಂಜಿಯಾಗಿತ್ತು. ಹೊಟ್ಟೆಯ ಕತ್ತಲೆಯಲ್ಲಿ ಆಗಬೇಕಾದ ಕೆಲಸ ನನ್ನ ಸ್ಟೀಲಿನ ಪಾತ್ರೆಯಲ್ಲಿ, ಹಗಲು ಬೆಳಕಿನಲ್ಲಿ ನಡೆದಿತ್ತು. ನನ್ನ ಹೊಟ್ಟೆಯಲ್ಲೂ ಇದೇ ನಡೆಯುತ್ತದೆ ಎಂದು ಹೊಳೆದು ಆ ಮಧ್ಯಾಹ್ನ ಊಟ ಮಾಡಲಾಗಲಿಲ್ಲ.

ಉಳಿದದ್ದನ್ನು ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನ ಐಸಿನ ಖಾನೆಯಲ್ಲಿಟ್ಟೆ. ಅತ್ತೆಗೆ ಗೊತ್ತಾಯಿತು. ಅವರು ಕೂಗಾಡಲಿಲ್ಲ. ಆ ಸಂಜೆಯಿಂದ ಫ್ರಿಜ್ಜಿನೊಳಗಿನ ಹಾಲು, ಮೊಸರು ಯಾವುದನ್ನೂ ಮುಟ್ಟಲಿಲ್ಲ. ಕರಿ ಚಹಾ ಕುಡಿಯತೊಡಗಿದರು.

ಹತ್ತನೆಯ ದಿನ ವಾಗ್ಯಾ ಗಟ್ಟಿಯಾಗಿ, ಕಂದು ಬಣ್ಣದಲ್ಲಿ ಹೇತ. ನಾನು ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು ಅದನ್ನು ನೋಡಿದೆ. ಕಣ್ಣಲ್ಲಿ ನೀರು ಬಂತು. ಯಜಮಾನರಿಗೆ ಫೋನ್ ಮಾಡಿ ಹೇಳಿದೆ. "ನಾ ಉಣ್ಣಾಕತ್ತೀನಿ ಮಾರಾಯ್ತಿ," ಎಂದರು.

ಮತ್ತೆರಡು ವಾರಕ್ಕೆ ಎಲ್ಲ ಕೆಟ್ಟಿತು. ಅದೇ ಹಳದಿ ರಾಶಿ, ಅದೇ ವಾಸನೆ. ಡಾಕ್ಟರು ಕೇಳಿದರು: "ಬ್ಯಾರೆ ಏನರ ಬಾಯಿಗೆ ಹೋಗಾಕತ್ತೈತೇನ್ರಿ? ಎಂಜೈಮ್ ಇಲ್ಲದ ಒಂದ ಬಿಸ್ಕೀಟೂ ನಡಿಯೂದಿಲ್ಲ." ನಾನು ಗೇಟಿಗೆ ಬೀಗ ಹಾಕಿದ್ದೆ. ಓಣಿಯವರಿಗೆಲ್ಲ ಕೈಮುಗಿದು ಹೇಳಿದ್ದೆ. ಇಲ್ಲ ಸರ್ ಎಂದೆ. ಸುಧಾರಿಸಿತು, ಮತ್ತೆ ಕೆಟ್ಟಿತು. ಮೂರನೆಯ ಸಲ ಕೆಟ್ಟಾಗ ಒಂದು ಮಧ್ಯಾಹ್ನ ಮಷಿನ್ ಬಿಟ್ಟು ನೀರು ಕುಡಿಯಲು ಒಳಗೆ ಹೋದೆ. ಹಿತ್ತಲ ಬಾಗಿಲಲ್ಲಿ ಅತ್ತೆ ಕೂತಿದ್ದರು. ಬೆಣ್ಣೆ ಸವರಿ ಶೇಂಗಾ ಚಟ್ನಿಪುಡಿ ಉದುರಿಸಿದ ರೊಟ್ಟಿ ಮುರಿದು ವಾಗ್ಯಾನ ಬಾಯಿಗಿಡುತ್ತಿದ್ದರು.

ನಾನು ಆಡಬಾರದ್ದನ್ನು ಆಡಿದೆ.

"ಕೊಲ್ಲಾಕತ್ತೀರಿ ನೀವು ಅದನ್ನ! ನಾ ದಿನಾ ಆ ಹೊಲಸ ಕೈಲೆ ಹಿಡಿತೀನಿ, ನೀವು ಮಡಿ ಹಿಡದ ಕುಂತ ವಿಷಾ ತಿನಸ್ತೀರಿ. ಹೊಲಸ ಬಳಿಯವರು ಯಾರು? ನೀವು ಬಳೀತೀರೇನು?"

ಅತ್ತೆ ಉಳಿದ ತುಂಡನ್ನು ಸೆರಗಿನಲ್ಲಿ ಕಟ್ಟಿಕೊಂಡರು.

ನಾನು ಅಂಗಡಿಗೆ ಬಂದು ಅಣ್ಣನಿಗೆ ಫೋನ್ ಹಚ್ಚಿದೆ. "ನಿನ್ನ ನಾಯಿ ನೀ ಒಯ್ಯಿ. ನನ್ನ ಕಡಿಂದ ಆಗೂದಿಲ್ಲ."

"ನಾ ತಂದ ಏನ ಮಾಡ್ಲಿ? ಇಂಜೆಕ್ಷನ್ ಹೊಡಿಸಿ ಮಣ್ಣ ಮಾಡೂದs. ರವಿವಾರ ಬರ್ತೀನಿ."

ನನಗೆ ಹಗುರಾಯಿತು.

ಇಷ್ಟು ದಿನ ಹೇಲಿಗೆ, ವಾಂತಿಗೆ, ಹಸಿ ಮಾಂಸಕ್ಕೆ ಹೇಸಿದವಳು ಆ ಕ್ಷಣ ನನಗೇ ಹೇಸಿದೆ. ಆದರೂ ಹಗುರಾದದ್ದು ಸುಳ್ಳಲ್ಲ. ಇಂಥದ್ದನ್ನು ಬರೆಯುವಾಗ ಎಲ್ಲರೂ ತಮ್ಮ ಪ್ರೀತಿಯನ್ನು ಬರೆಯುತ್ತಾರೆ. ಆರೈಕೆ ಮಾಡುವವರಿಗೆ ಬರುವ ಈ ಹಗುರವನ್ನು ಯಾರೂ ಬರೆದದ್ದನ್ನು ನಾನು ಓದಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ಮರುದಿನ ಮುಂಜಾನೆ ಎದ್ದಾಗ ಹಿತ್ತಲಿನಿಂದ ಸಪ್ಪಳ ಕೇಳಿಸಿತು. ಅತ್ತೆ ಕಚ್ಚೆ ಹಾಕಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬೂದಿ ಹಾಕಿ ಹೊಲಸನ್ನು ಸಲಿಕೆಯಿಂದ ಎತ್ತುತ್ತಿದ್ದರು. ಅವರಿಗೆ ಎಪ್ಪತ್ತೆರಡು ವರ್ಷ. ನಡುವೆ ನಿಂತು ಓಕರಿಸಿದರು, ಉಗುಳಿದರು, ಮತ್ತೆ ಬಗ್ಗಿದರು. ನಾನು ಸಲಿಕೆ ಕಸಿಯಲು ಹೋದೆ.

"ಬಿಡು. ನಾ ಮಾಡಿದ್ದು ನಾ ಬಳೀತೀನಿ."

ಎತ್ತಿ ಮುಗಿಸಿ, ಕಲ್ಲಿನ ಮೇಲೆ ಕೂತು ಹೇಳಿದರು: "ಈ ಮನಿಗೆ ಬಂದಾಗಿಂದ ನಾಯಿಗೆ ಒಂದ ರೊಟ್ಟಿ ಹಾಕಲಾರದ ನಾ ಉಂಡಾಕಿ ಅಲ್ಲ. ನನ್ನ ಅತ್ತಿ ಕಲಿಸಿದ್ದು. ಕಣ್ಣ ಮುಂದ ಅದು ಬಾಯಿ ತಕ್ಕೊಂಡ ಕುಂತ್ರ ನನಗ ತುತ್ತ ಗಂಟಲದಾಗ ಇಳಿಯೂದಿಲ್ಲ ಯವ್ವಾ. ಏನರ ಒಂದ ಹೇಳು, ನಾ ಏನ ಕೊಡ್ಲಿ ಅದಕ್ಕ? ಏನೂ ಕೊಡಬ್ಯಾಡ ಅನಬ್ಯಾಡ."

ನಾನು ಏನು ಕೊಡಬಾರದೆಂದು ಡಾಕ್ಟರನ್ನು ಇಪ್ಪತ್ತು ಸಲ ಕೇಳಿದ್ದೆ. ಏನು ಕೊಡಬಹುದೆಂದು ಒಂದು ಸಲವೂ ಕೇಳಿರಲಿಲ್ಲ.

ಅವತ್ತೇ ಕೇಳಿದೆ. ಡಾಕ್ಟರು ನಕ್ಕು ವಿವರಿಸಿದರು. ಕಲಸಿಟ್ಟ ಅನ್ನದಲ್ಲಿ ಕೆನೆ ತೆಗೆದ ಮೊಸರು ಬೆರೆಸಿ ಐಸಿನ ಟ್ರೇಯಲ್ಲಿ ಹೆಪ್ಪುಗಟ್ಟಿಸಬೇಕು. ಅಡಿಕೆಯಷ್ಟು ದೊಡ್ಡ ತುಂಡು, ದಿನಕ್ಕೆ ಮೂರು. ಅದರಲ್ಲಿ ಎಂಜೈಮ್ ಇರುವುದರಿಂದ ಅರಗುತ್ತದೆ. ಕಡಿಯಲು ಎಲುಬು ಬೇಡ, ಚರ್ಮ ಬೇಡ, ಕಬ್ಬಿನ ಗಣಿಕೆಯಂತೂ ಬೇಡವೇ ಬೇಡ, ಅದರ ನಾರು ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಒಳಗೆ ಟೊಳ್ಳಿರುವ ದಪ್ಪ ರಬ್ಬರಿನ ಆಟಿಕೆ ತರಬೇಕು. "ಉಗುರ ಒತ್ತಿದ್ರ ಸ್ವಲ್ಪ ತಗ್ಗ ಬೀಳಬೇಕ್ರಿ, ಇಲ್ಲಂದ್ರ ಹಲ್ಲ ಮುರೀತಾವು. ಇಡೀ ನುಂಗುವಷ್ಟ ಸಣ್ಣದೂ ಇರಬಾರದು. ಅದರಾಗ ಅದೇ ಅನ್ನಾ ತುಂಬಿ ಐಸ್ ಮಾಡಿ ಕೊಡ್ರಿ. ಒಂದ ತಾಸ ನೆಕ್ಕೋತ ಕುಂದರತೈತಿ."

ರವಿವಾರ ಅಣ್ಣ ಜೀಪು ತಂದ. ಬಾಗಿಲಿಗೆ ಅತ್ತೆಯೇ ಹೋದರು. "ಚಹಾ ಕುಡದ ಹೋಗಪಾ. ನಾಯಿ ಎಲ್ಲೂ ಬರೂದಿಲ್ಲ," ಎಂದರು. ಅಣ್ಣ ನನ್ನ ಮುಖ ನೋಡಿದ. ನಾನು ಚಹಾಕ್ಕೆ ಇಟ್ಟೆ.

ಈಗ ವಾಗ್ಯಾ ಒಂಬತ್ತು ಕಿಲೋ ಹೆಚ್ಚಿದ್ದಾನೆ. ಮೈಮೇಲೆ ಕೂದಲು ಬಂದಿದೆ. ಮೊನ್ನೆ ಗ್ಯಾಸಿನ ಸಿಲಿಂಡರಿನವನನ್ನು ಕಂಡು ಬೊಗಳಿದ. ಇದು ವಾಸಿಯಾಗುವ ರೋಗವಲ್ಲ, ಅವನು ಇರುವವರೆಗೆ ಹೀಗೇ ನಡೆಸಿಕೊಂಡು ಹೋಗಬೇಕು ಎಂದಿದ್ದಾರೆ ಡಾಕ್ಟರು. ನಡುನಡುವೆ ಕೆಡುತ್ತದೆ. ಕೆಟ್ಟಾಗ ವಾಸನೆ ಹಿಂದಿನಷ್ಟೇ ಕೆಟ್ಟದಾಗಿರುತ್ತದೆ. ಹೇಸಿಕೆ ರೂಢಿಯಾಗುತ್ತದೆ ಎಂದು ಹೇಳುವವರ ಮಾತನ್ನು ನಾನು ನಂಬುವುದಿಲ್ಲ. ನನಗೆ ಆಗಿಲ್ಲ. ಕತ್ತರಿ ಹಿಡಿದಾಗ ಇವತ್ತಿಗೂ ಉಸಿರು ಬಿಗಿಹಿಡಿಯುತ್ತೇನೆ.

ಅತ್ತೆಗೂ ಆಗಿಲ್ಲ. ಮೊದಲ ದಿನ ಉದ್ದನೆಯ ಸೌಟಿನ ತುದಿಯಲ್ಲಿ ಆ ಐಸಿನ ತುಂಡು ಇಟ್ಟು ಚಾಚಿದರು. ಸೌಟು ನೋಡಿ ವಾಗ್ಯಾ ಹಿಂದೆ ಸರಿದ. ಹೊಡೆಯಲು ಬಂದರೆಂದು ತಿಳಿದಿರಬೇಕು, ಅದು ನನ್ನ ಪೊರಕೆ ಕಲಿಸಿದ ಪಾಠ. ಅತ್ತೆ ಸೌಟು ಕೆಳಗಿಟ್ಟು, ಮುಖ ಆ ಕಡೆ ತಿರುಗಿಸಿ, ಅಂಗೈಯಲ್ಲಿಟ್ಟು ಕೊಟ್ಟರು.

ದಿನವೂ ಊಟದ ಮುಂಚೆ ಹೀಗೇ. ಅವನು ತುಂಡು ತಿಂದು ಅಂಗೈಯನ್ನೆಲ್ಲ ನೆಕ್ಕುತ್ತಾನೆ. ಅತ್ತೆ ಕಣ್ಣು ಮುಚ್ಚಿಕೊಂಡು, "ಛೀ, ಛೀ, ಛೀ" ಎನ್ನುತ್ತ ಅವನು ನೆಕ್ಕಿ ಮುಗಿಸುವವರೆಗೂ ಕೈ ಹಾಗೇ ಹಿಡಿದಿರುತ್ತಾರೆ. ನಾನು ತಂಬಿಗೆಯಿಂದ ನೀರು ಹಾಕುತ್ತೇನೆ. ಮೂರು ಸಲ ಸಾಬೂನು ಹಚ್ಚಿ ತೊಳೆದು, ಮೂಸಿ ನೋಡಿ, ಮುಖ ಕಿವುಚಿ ಹೇಳುತ್ತಾರೆ: "ನಾಳಿಂದ ನೀನs ಕೊಡ ಯವ್ವಾ. ನನ್ನ ಕೈಲೆ ಆಗೂದಿಲ್ಲ ಈ ಹೊಲಸ."

ಆಮೇಲೆ ಊಟಕ್ಕೆ ಕೂಡುತ್ತಾರೆ. ಹೀಗೆ ಹೇಳಲು ಸುರುಮಾಡಿ ಐದು ತಿಂಗಳಾಯಿತು.