ದೊರೆಕಲ್ಲಿನ ಕಾವೇರಮ್ಮ

ಕಾವೇರಮ್ಮನವರನ್ನು ನಾನು ಮೊದಲು ನೋಡಿದ್ದು ಒಂದು ಅಮಾವಾಸ್ಯೆಯ ಸಂಜೆ, ಸಾವನದುರ್ಗದ ತಪ್ಪಲಿನಲ್ಲಿರುವ ಅವರ ಹೊಲದಲ್ಲಿ. ನಾನು ಮಾಗಡಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ, ಇತಿಹಾಸ ಪಾಠ ಮಾಡುತ್ತೇನೆ. ಅಂದು ವಿದ್ಯಾರ್ಥಿಗಳಿಗೆ ಕೋಟೆ ತೋರಿಸಿ, ಅವರನ್ನು ಬಸ್ಸು ಹತ್ತಿಸಿ, ಒಬ್ಬನೇ ರಸ್ತೆಯಲ್ಲಿ ನಡೆದು ಬರುತ್ತಿದ್ದೆ. ರಾಗಿ ಕುಯ್ದಾಗಿತ್ತು. ಕೂಳೆಯ ನಡುವೆ ಮೊಣಕಾಲೆತ್ತರದ ಒಂದು ಕಲ್ಲು ನಿಂತಿತ್ತು. ಅದರ ಮುಂದೆ ಹಸಿರು ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟ ವಯಸ್ಸಾದ ಹೆಂಗಸೊಬ್ಬರು. ಎಡಗೈಯಲ್ಲಿ ಹೆಂಚಿನ ಚೂರು ಹಿಡಿದಿದ್ದರು. ಅದರ ಮೇಲೆ ಕೆಂಡವಿರಬೇಕು ಎಂದುಕೊಂಡು ಹತ್ತಿರ ಹೋದರೆ, ಇದ್ದದ್ದು ಬೆಂಕಿಪೊಟ್ಟಣ.

ಅವರು ಹಣತೆ ಹಚ್ಚಿದರು. ಉಪ್ಪಿಲ್ಲದ ರಾಗಿರೊಟ್ಟಿಯನ್ನು ಮುರಿದು ಕಲ್ಲಿನ ಬುಡದಲ್ಲಿಟ್ಟರು. ಇನ್ನು ಕೈಮುಗಿಯುತ್ತಾರೆಂದು ನಾನು ಚಪ್ಪಲಿ ಬಿಡಲು ಬಗ್ಗಿದೆ. ಅವರು ಕೈಮುಗಿಯಲಿಲ್ಲ. ಸೊಂಟಕ್ಕೆ ಸಿಕ್ಕಿಸಿದ್ದ ಕುಡುಗೋಲು ತೆಗೆದು ಅದರ ಬೆನ್ನಿನಿಂದ ಕಲ್ಲಿನ ನೆತ್ತಿಗೆ ಮೂರು ಸಲ ಬಡಿದು, "ಮನಿಕೋ ದೊರೆ, ಮನಿಕೋ" ಎಂದರು. ಜ್ವರ ಬಂದ ಮಗುವಿಗೆ ಹೇಳುವಂತೆಯೂ ಇತ್ತು, ಕುಡಿದು ಬಂದ ಗಂಡನಿಗೆ ಹೇಳುವಂತೆಯೂ ಇತ್ತು.

"ಚಪ್ಪಲಿ ಬಿಡಬೇಕಾ ಅವ್ವ?" ಎಂದೆ.

"ಬುಟ್ರೆ ಬುಡು, ಇಲ್ದಿದ್ರೆ ಇಲ್ಲ. ದೇವ್ರೋ ಏನೋ ನಂಗೂ ಸರ್ಯಾಗಿ ಗೊತ್ತಿಲ್ಲ."

"ಬೆಂಕಿಪೊಟ್ಟಣಕ್ಕೆ ಹೆಂಚು ಯಾಕವ್ವ?"

"ಬೆಂಕಿನ ಬರೀ ಕೈಲಿ ತತ್ತಾರ ಯಾರಾದ್ರೂವೆ?" ಎಂದು ನಕ್ಕರು.

ಆಮೇಲೆ ಹಲವು ಸಲ ಅವರ ಮನೆಯ ಜಗಲಿಯಲ್ಲಿ ಕುಳಿತು ಕೇಳಿದ್ದನ್ನು ಇಲ್ಲಿ ಸೇರಿಸಿ ಹೇಳುತ್ತೇನೆ. ಕಾವೇರಮ್ಮ ಕುದೂರು ಕಡೆಯವರು. ರಾಮಲಿಂಗಯ್ಯನವರನ್ನು ಮದುವೆಯಾಗಿ ಈ ಊರಿಗೆ ಬಂದ ವರ್ಷವೇ ಅವರ ಅತ್ತೆ ದೊರೆಕಲ್ಲಿನ ಕೆಲಸ ವಹಿಸಿದರಂತೆ. ಅಮಾವಾಸ್ಯೆಗೊಮ್ಮೆ ದೀಪ ಹಚ್ಚುವುದು ಈ ಮನೆಯ ಸೊಸೆ, ಆದರೆ ಬೆಂಕಿ ಬರಬೇಕಾದದ್ದು ಸಾಬರ ಬೀದಿಯ ಗುಲ್ಜಾರ್ ಬೀ ಮನೆಯಿಂದ. ಹಿಂದೆ ಒಲೆಯ ಕೆಂಡವನ್ನು ಹೆಂಚಿನ ಮೇಲೆ ತರುತ್ತಿದ್ದರು. ಗುಲ್ಜಾರ್ ಬೀ ಮನೆಗೆ ಗ್ಯಾಸ್ ಬಂದ ಮೇಲೆ ಹೆಂಚಿನ ಮೇಲೆ ಬೆಂಕಿಪೊಟ್ಟಣ ಬರುತ್ತಿದೆ. ಕೆಳಗೆ ಮಲಗಿರುವವನು ಫಿರಂಗಿ ಎಳೆಸಿಕೊಂಡು ಬಂದು ದುರ್ಗ ಹಿಡಿದ ಇಂಗ್ಲಿಷ್ ದೊರೆ, ದೀಪ ತಪ್ಪಿದರೆ ಎದ್ದು ಕೂರುತ್ತಾನೆ, ಅವನು ಎದ್ದರೆ ಉಳಿದವರೂ ಬರುತ್ತಾರೆ ಎಂದು ಅತ್ತೆ ಹೇಳಿದ್ದರು. ಇಂಗ್ಲಿಷರು ದೇಶ ಬಿಟ್ಟುಹೋಗಿ ಎಷ್ಟೋ ವರ್ಷವಾಗಿದೆ ಎಂದು ಕಾವೇರಮ್ಮನವರಿಗೂ ಗೊತ್ತು. ತಾನು ದೀಪ ತಪ್ಪಿಸಿಲ್ಲ ಎಂಬುದೂ ಅವರಿಗೆ ಗೊತ್ತು. ಇವೆರಡಕ್ಕೂ ಸಂಬಂಧ ಇದೆಯೋ ಇಲ್ಲವೋ ಎಂದು ಅವರು ಯೋಚಿಸಿರಲಿಲ್ಲ. ಅದನ್ನು ಯೋಚಿಸುವಂತೆ ಮಾಡಿದ್ದು ಮಗ ಅನಂತರಾಜು.

ಬೆಟ್ಟ ಹತ್ತಲು ಬರುವವರು ಹೆಚ್ಚಾಗಿದ್ದರು. ರಸ್ತೆ ಪಕ್ಕದ ಆ ಹೊಲವನ್ನು ಮಟ್ಟ ಮಾಡಿ ಕಾರು ನಿಲ್ಲಿಸುವ ಜಾಗ ಮಾಡಬೇಕೆಂದು ಅನಂತರಾಜು ಲೆಕ್ಕ ಹಾಕಿದ್ದ. ಕಲ್ಲು ನಟ್ಟನಡುವೆ ಇತ್ತು.

"ದೇವ್ರು ಅನ್ನು, ಗುಡಿ ಕಟ್ಟುಸ್ತೀನಿ. ಇಂಗ್ಲಿಷ್ನೋನು ಅನ್ನು, ಜೆಸಿಬಿ ಕರೀತೀನಿ. ಯಾವ್ದೋ ಒಂದು ಹೇಳವ್ವ" ಎಂದು ನನ್ನೆದುರೇ ತಾಯಿಯನ್ನು ಕೇಳಿದ.

ಕಾವೇರಮ್ಮ ನನ್ನ ಕಡೆ ತಿರುಗಿದರು. "ಮೇಷ್ಟ್ರೇ, ನೀವು ಓದ್ದೋರು. ಅವ್ನು ಯಾರು ಅಂತ ಒಸಿ ನೋಡಿ ಹೇಳ್ಬುಡಿ. ನಾಳೆ ಭಾನುಪ್ರಿಯಂಗೆ ನಾನು ಏನಂತ ಹೇಳ್ಕೊಡ್ಲಿ? ಪೂಜೆ ಮಾಡವ್ವ ಅನ್ಲೋ, ಕಾವಲು ಕಾಯವ್ವ ಅನ್ಲೋ?"

ಭಾನುಪ್ರಿಯ ಅವರ ಸೊಸೆ. ಒಳಗಿನಿಂದ ಪಾತ್ರೆ ತೊಳೆಯುವ ಸದ್ದು ನಿಂತಿತು. ಅವಳೂ ಉತ್ತರಕ್ಕೆ ಕಾಯುತ್ತಿದ್ದಳೆಂದು ಕಾಣುತ್ತದೆ.

ಸಾಮ್ರಾಜ್ಯಗಳ ಏಳುಬೀಳನ್ನು ಇಸವಿ ಸಮೇತ ಬೋರ್ಡಿನ ಮೇಲೆ ಬರೆದು ಪಾಠ ಮಾಡುವ ನನಗೆ ಇದು ಸುಲಭವೆನಿಸಿತ್ತು. ಆದರೆ ಓದಿದಷ್ಟೂ ಗೊಂದಲವಾಯಿತು. ಸಾವನದುರ್ಗವನ್ನು ಕಂಪನಿಯ ಸೈನ್ಯ ಹಿಡಿದದ್ದು ೧೭೯೧ರ ಡಿಸೆಂಬರಿನಲ್ಲಿ. ನಾನು ನೋಡಿದ ಪುಸ್ತಕಗಳ ಪ್ರಕಾರ ಆ ದಿನ ಕೋಟೆ ಹತ್ತುವಾಗ ಅವರ ಕಡೆ ಒಬ್ಬನಿಗೆ ಗಾಯವಾಯಿತು, ಯಾರೂ ಸಾಯಲಿಲ್ಲ. ಹಾಗಾದರೆ ಕಲ್ಲಿನ ಕೆಳಗೆ ಯಾರು? ಈ ಕಾಡಿನ ಗಾಳಿ ವಿಷವೆಂದು, ಚಳಿಜ್ವರ ತರುತ್ತದೆಂದು ಅದೇ ಪುಸ್ತಕಗಳಲ್ಲಿದೆ. ಜ್ವರದಲ್ಲಿ ಸತ್ತವನನ್ನು ಯಾರಾದರೂ ಲೆಕ್ಕಕ್ಕೆ ತೆಗೆದುಕೊಂಡರೋ ಇಲ್ಲವೋ ತಿಳಿಯಲಿಲ್ಲ. ಕಲ್ಲಿನ ಮೇಲೆ ಅಕ್ಷರವೂ ಇರಲಿಲ್ಲ.

ರಾಮನಗರದ ಗ್ರಂಥಾಲಯಕ್ಕೂ ಹೋಗಿ ಬಂದೆ. ಟಿಪ್ಪುವಿನ ಕಾಲದಲ್ಲಿ ಶಂಶೇರಾಬಾದ್ ಆಗಿದ್ದ ಊರು ಕ್ಲೋಸ್ ಎಂಬ ಇಂಗ್ಲಿಷ್ ಅಧಿಕಾರಿಯ ಹೆಸರಿನಲ್ಲಿ ಕ್ಲೋಸ್‌ಪೇಟೆಯಾಯಿತು, ಆಮೇಲೆ ರಾಮನಗರವಾಯಿತು, ಈಗ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರು. ಊರಿನವರು ಕ್ಲೋಸ್ ಸಾಹೇಬನನ್ನು ಮರೆತಿದ್ದಾರೆ. ಭೂವಿಜ್ಞಾನದ ಪುಸ್ತಕಗಳು ಮಾತ್ರ ಇಲ್ಲಿಯ ಬಂಡೆಗಳನ್ನು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತವೆ. ಹೋದವನು ಯಾರು, ಉಳಿದವನು ಯಾರು ಎಂಬುದು ಬಸ್ಸಿನಲ್ಲಿ ಹಿಂದಿರುಗುವಾಗ ನನಗೂ ಸ್ಪಷ್ಟವಿರಲಿಲ್ಲ.

ಇದನ್ನು ಹೇಳಲು ಹೋದ ದಿನ ಕಾವೇರಮ್ಮ ಗುಲ್ಜಾರ್ ಬೀಯನ್ನೂ ಕರೆಸಿದ್ದರು. ಬೆಂಕಿ ಅವರದು, ಅವರಿಗೂ ಗೊತ್ತಾಗಲಿ ಎಂದು. ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡ ಗುಲ್ಜಾರ್ ಬೀ ಎಲೆಅಡಿಕೆ ಕೆನ್ನೆಗೆ ಒತ್ತರಿಸಿಕೊಂಡು ನಿಧಾನವಾಗಿ ಹೇಳಿದರು:

"ನಮ್ಮತ್ತೆ ಹೇಳಿದ್ದೇ ಬ್ಯಾರೆ. ಅವ್ನು ಇಂಗ್ಲಿಷ್ನೋನೇ ಅಲ್ವಂತೆ. ಕೋಟೆಲಿದ್ದ ನಮ್ಮ ಮನೆತನ್ದೋನೇ. ಬಂಡೆ ಹತ್ತೋ ದಾರಿ ಅವ್ರಿಗೆ ತೋರುಸ್ಬುಟ್ಟ. ಸತ್ತಾಗ ನಮ್ಮೋರು ಜಾಗ ಕೊಡ್ನಿಲ್ಲ, ನಿಮ್ಮೋರು ಹೊಲ ಕೊಟ್ರು. ಅದ್ಕೇ ಬೆಂಕಿ ನಮ್ದು, ಮಣ್ಣು ನಿಮ್ದು."

"ಇಷ್ಟು ವರ್ಸ ಹೇಳ್ನೇ ಇಲ್ವಲ್ಲ ಗುಲ್ಜಾರಕ್ಕ."

"ನೀನು ಕೇಳ್ಳಿಲ್ಲ. ದ್ರೋಹಿ ಮನೆ ಬೆಂಕಿ ಕೊಡ್ತೀನಿ ಅಂತ ನಾನೇ ಸಾರ್ಕೊಂಡು ತಿರುಗ್ಲಾ?"

"ಹಂಗಾದ್ರೆ ಮದ್ವೆಯಾದಾಗಿಂದ ನಾನು ಯಾರ್ಗೆ ಮನಿಕೋ ಅಂದೆ?" ಎಂದರು ಕಾವೇರಮ್ಮ.

"ಯಾರೂ ಇಲ್ದಿದ್ ಜಾಗಕ್ಕೆ ಅಂದಿದೀಯ. ಅದ್ಕೇ ಯಾರೂ ಎದ್ದಿಲ್ಲ" ಎಂದ ಅನಂತರಾಜು.

"ಎದ್ದಿಲ್ಲ ಅಂತ ನಿಂಗೆಂಗ್ಲಾ ಗೊತ್ತು? ಕಾರಲ್ಲಿ ಬಂದೋರ್ಗೆಲ್ಲ ಸಾರ್ ಸಾರ್ ಅಂತ ಹಿಂದಿಂದೆ ಓಡ್ತೀಯಲ್ಲ, ಯಾರ್ಲಾ ಕಲ್ಸಿದ್ದು?"

ಗುಲ್ಜಾರ್ ಬೀ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಅನಂತರಾಜುವೂ ನಕ್ಕ. ಕಾವೇರಮ್ಮ ನಗಲಿಲ್ಲ.

ಮುಂದಿನ ವಾರ ಜೆಸಿಬಿ ಬಂತು. ನಡೆಸುವವನು ಸಾಬೀರ್, ಮಾಗಡಿಯವನು. ಕಲ್ಲಿನ ಬುಡದಲ್ಲಿ ಎಣ್ಣೆ ಜಿಡ್ಡು ನೋಡಿ ಗಾಡಿ ಆರಿಸಿಬಿಟ್ಟ. "ಅಣ್ಣ, ಇದೇನು ಅಂತ ಹೇಳ್ರಿ. ಅಜ್ಜಿ ಬಾಯಲ್ಲಿ ಬರ್ಲಿ, ಎತ್ತೀನಿ. ಇಲ್ದಿದ್ರೆ ಮುಟ್ಟಾಕಿಲ್ಲ."

ಎಲ್ಲರೂ ಕಾವೇರಮ್ಮನವರನ್ನು ನೋಡಿದರು. ಅವರು ಸೊಸೆಯನ್ನು ನೋಡಿದರು.

"ಏನು ಅಂತ ಗೊತ್ತಿಲ್ದೆ ಇದ್ದಿದ್ದನ್ನ ಈ ಹುಡ್ಗಿ ತಲೆ ಮ್ಯಾಲೆ ಹೊರುಸಾಕೆ ಮನಸು ಬರಾಕಿಲ್ಲ. ಎತ್ತಪ್ಪ. ನಾನಿರೋವಾಗ್ಲೇ ಎತ್ತು. ಎದ್ರೆ ಮನಿಕ್ಸೋಕೆ ನಾನಾದ್ರೂ ಇರ್ತೀನಿ."

ಕಲ್ಲು ಬೇಗ ಬಂತು, ನಾವು ತಿಳಿದಷ್ಟು ಆಳವಿರಲಿಲ್ಲ. ಕೆಳಗೆ ಕೆಮ್ಮಣ್ಣು, ಬೇರಿನ ಎಳೆಗಳು, ಮಡಕೆಯ ಒಂದೆರಡು ಚೂರು. ಇನ್ನೂ ಸ್ವಲ್ಪ ತೆಗೆದರೆ ತಿಳಿಯಬಹುದು ಎಂದು ನಾನು ಹೇಳಿದೆ. ನನಗೆ ನಿಜವಾಗಿಯೂ ತಿಳಿಯಬೇಕಿತ್ತು.

"ಸಾಕು, ಮುಚ್ಚಪ್ಪ" ಎಂದರು ಕಾವೇರಮ್ಮ. "ಆಗ್ಲೇ ಒಬ್ಬೊಬ್ರು ಒಂದೊಂದು ಹೇಳವ್ರೆ. ಕೆಳಗಿರೋನೂ ಒಂದು ಹೇಳಾದು ಬ್ಯಾಡ."

ಕಲ್ಲನ್ನು ಬದುವಿನ ಹೊಂಗೆಮರದ ಕೆಳಗೆ ನಿಲ್ಲಿಸಿದರು. ಆ ಅಮಾವಾಸ್ಯೆಯ ಸಂಜೆ ಗುಲ್ಜಾರ್ ಬೀ ಕೊಟ್ಟ ಹೆಂಚು ಹಿಡಿದುಕೊಂಡು ಕಾವೇರಮ್ಮ ಹೊಲದ ಅಂಚಿನಲ್ಲೇ ನಿಂತುಬಿಟ್ಟರು. ದೀಪ ಇಡಬೇಕಾದದ್ದು ಕಲ್ಲಿಗೋ, ಕಲ್ಲು ಇದ್ದ ಜಾಗಕ್ಕೋ ಎಂದು ನನ್ನನ್ನು ಕೇಳಿದರು. ಆಮೇಲೆ ತಾವೇ ಸೊಸೆಯನ್ನು ಕರೆದು ಇನ್ನೊಂದು ಹಣತೆ ತರಿಸಿದರು.

ಈಗ ಕಾವೇರಮ್ಮ ಶನಿವಾರ ಭಾನುವಾರ ಬೆಟ್ಟಕ್ಕೆ ಬರುವವರ ಕಾರುಗಳನ್ನು ನೋಡಿಕೊಳ್ಳುತ್ತಾರೆ. ಅಮಾವಾಸ್ಯೆಯ ಸಂಜೆ ಹೊಂಗೆಮರದ ಕೆಳಗೆ ಕಲ್ಲಿಗೊಂದು, ಕಾರು ನಿಲ್ಲುವ ಬರಿನೆಲಕ್ಕೊಂದು ದೀಪ ಹಚ್ಚುತ್ತಾರೆ.